ಗುರುವಾರದ ಪೋಲ್ಸ್ಕಾ

ಶಿಕಾಗೊ
9 ಮಾರ್ಚ್ 1936

ಶ್ರೀಮತಿ ಟೆಕ್ಲಾ ಲಹ್ತಿನೆನ್ ಅವರಿಗೆ,
ಡುಲುತ್, ಮಿನೆಸೋಟ

ಮಾನ್ಯರೇ,

ನಮ್ಮ ‘ನೀಲಿಹೂ’ ಸ್ವೀಡಿಷ್ ಜಾನಪದ ಕುಣಿತ ಸಂಘಕ್ಕೆ ಬರುವ ಅಕ್ಟೋಬರಿನಲ್ಲಿ ಇಪ್ಪತ್ತೈದು ವರ್ಷ ತುಂಬುತ್ತದೆ. ಬೆಳ್ಳಿಹಬ್ಬದ ದಿನ ಸಂಘದ ಇತಿಹಾಸವನ್ನು ಪುಸ್ತಕವಾಗಿ ತರಬೇಕೆಂದು ಸಮಿತಿ ತೀರ್ಮಾನಿಸಿದೆ. ಬರೆಯುವ ಹೊಣೆ ಅಧ್ಯಕ್ಷನಾದ ನನ್ನ ಮೇಲಿದೆ. 1921ಕ್ಕಿಂತ ಹಿಂದಿನ ದಾಖಲೆ ಯಾವುದೂ ನಮ್ಮ ಬಳಿ ಉಳಿದಿಲ್ಲ. ಮೊದಲ ಕೂಟ ಯಾವ ದಿನ ನಡೆಯಿತು, ಎಲ್ಲಿ ನಡೆಯಿತು, ಅಂದು ಯಾರ‍್ಯಾರು ಇದ್ದರು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಆ ಕಾಲದ ಛಾಯಾಚಿತ್ರವಿದ್ದರೆ ಕಳಿಸಿ, ಜೋಪಾನವಾಗಿ ಹಿಂತಿರುಗಿಸುತ್ತೇವೆ.

1921ರ ಪ್ರಸಂಗವನ್ನು ಪುಸ್ತಕದಲ್ಲಿ ವಿವರಿಸುವುದಿಲ್ಲ. ‘ಕೆಲವು ಸದಸ್ಯರು ಸ್ವಂತ ಇಚ್ಛೆಯಿಂದ ಸಂಘ ಬಿಟ್ಟರು’ ಎಂದಷ್ಟೇ ಬರೆಯಲಾಗುವುದು. ಇದನ್ನು ಸಮಾರಂಭದ ಆಮಂತ್ರಣವೆಂದು ಭಾವಿಸಬಾರದಾಗಿ ಕೋರುತ್ತೇನೆ.

ಇಂತು,
ಆಲ್ಗೋಟ್ ಫ್ರೋಡಿನ್
ಅಧ್ಯಕ್ಷ

•

ಡುಲುತ್
20 ಮಾರ್ಚ್ 1936

ಆಲ್ಗೋಟ್,

‘ಶ್ರೀಮತಿ.’ ‘ಅವರಿಗೆ.’ ‘ಮಾನ್ಯರೇ.’ ಊರಲ್ಲಿ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಸುಗಳಿಗೆ ಹುಲ್ಲು ಹಾಕುತ್ತಿದ್ದವಳು ನಾನು. ನೀನು ನನ್ನ ಬೆನ್ನ ಮೇಲೆ ಎಷ್ಟು ಸಲ ಉಚ್ಚೆ ಹೊಯ್ದೆಯೋ ಲೆಕ್ಕವಿಲ್ಲ. ಆಗಲೂ ‘ಮಾನ್ಯರೇ’ ಅನ್ನಬೇಕಿತ್ತು.

ನಾನು ಕ್ಷೇಮ. ನಿನ್ನ ಕ್ಷೇಮ ನನಗೆ ಬೇಕಿಲ್ಲ.

ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ನಿನಗಾಗಿ ಅಲ್ಲ, ಉಳಿದ ಮೂವರಿಗಾಗಿ. ಮೊದಲ ಕೂಟ ನಡೆದದ್ದು 1911ರ ಅಕ್ಟೋಬರ್ 12, ಗುರುವಾರ. ಮನೆಗೆಲಸದ ಹುಡುಗಿಯರಿಗೆ ವಾರಕ್ಕೆ ಅದೊಂದೇ ಮಧ್ಯಾಹ್ನ ಬಿಡುವು. ನಡೆದದ್ದು ನಾನು ಕೆಲಸಕ್ಕಿದ್ದ ಸರೋವರದ ದಂಡೆಯ ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ. ಇದ್ದವರು ನಾನು, ಹುಲ್ದಾ ಎಕ್, ಬೇದಾ, ಜೆನ್ನಿ. ಪಿಟೀಲಿರಲಿಲ್ಲ, ಬಾಯಲ್ಲೇ ರಾಗ ಹಾಡಿಕೊಂಡು ಕುಣಿದೆವು. ಒದ್ದೆ ನೆಲ. ಜೆನ್ನಿ ಜಾರಿಬಿದ್ದು ಹಲ್ಲು ಮುರಿದುಕೊಂಡಳು. ಎದ್ದು ಕೂತು, ಬಾಯಿಂದ ರಕ್ತ ಒರೆಸಿಕೊಂಡು, “ನಿಲ್ಲಿಸ್ಬೇಡ್ರೇ, ನಿಲ್ಲಿಸಿದ್ರೆ ಮತ್ತೆ ಇನ್ನೊಂದು ಗುರುವಾರ ಕಾಯ್ಬೇಕು” ಅಂದಳು. ಇದನ್ನು ಪುಸ್ತಕದಲ್ಲಿ ಹಾಕು. ಹಾಕುವುದಿಲ್ಲ ನೀನು, ಗೊತ್ತು.

ಆ ದಿನ ಕುಣಿದದ್ದು ಅಮ್ಮನ ಪೋಲ್ಸ್ಕಾ. ಹೆಣ್ಣು ಗಂಡನ್ನು ಹಿಡಿದು ತಿರುಗಿಸುವ ಜೋಡಿ ಕುಣಿತ. ಅಪ್ಪ ಪ್ರಾರ್ಥನೆಯ ಪಂಗಡ ಸೇರಿ ಮನೆಯಲ್ಲಿ ಕುಣಿತ, ಹಾಡು ಎಲ್ಲ ನಿಲ್ಲಿಸಿದಾಗ ನನಗೆ ಹತ್ತು ವರ್ಷ, ನಿನಗೆ ಮೂರು. ನೀನು ನೋಡಿಲ್ಲ. ನಾನು ನೋಡಿದ್ದೆ. 1913ರಲ್ಲಿ ನೀನು ಶಿಕಾಗೊಗೆ ಬಂದಾಗ ನಿನಗೆ ಆ ರಾಗ ಗುನುಗಿ ಗುನುಗಿ ಪಿಟೀಲಿನಲ್ಲಿ ಕೂರಿಸಿಕೊಟ್ಟವಳೂ ನಾನೇ.

ಆಮೇಲೆ 1921ರಲ್ಲಿ ಸ್ವೀಡನ್ನಿನಿಂದ ನಿಮ್ಮ ಸೆಡರ್ಮಾರ್ಕ್ ಮೇಷ್ಟ್ರು ಬಂದರು, ಬಗಲಲ್ಲಿ ಒಂದು ಪುಸ್ತಕ ಇಟ್ಟುಕೊಂಡು. ಆ ಪುಸ್ತಕದಲ್ಲಿಲ್ಲದ ಕುಣಿತ ಸ್ವೀಡನ್ನಿನ ಕುಣಿತವೇ ಅಲ್ಲವಂತೆ. “ಹೆಂಗಸು ಗಂಡಸನ್ನ ತಿರುಗ್ಸೋದು ನಮ್ಮಲ್ಲಿ ಇಲ್ಲ. ಇದು ಖೋಟಾ” ಅಂದರು. ಸಭೆ ತುಂಬ ಜನ. ನಿನ್ನ ಕಡೆ ತಿರುಗಿ, “ನೀವೂ ಅದೇ ಊರಿನವರಲ್ವೇ? ಹೇಳಿ” ಅಂದರು. ನೀನು ಎದ್ದು ನಿಂತೆ. ‘ನಾನು ನೋಡಿಲ್ಲ’ ಅಂದಿದ್ದರೆ ನಿಜವಾಗುತ್ತಿತ್ತು. ನೀನು ಅಂದದ್ದು, “ನಮ್ಮೂರಲ್ಲಿ ಅಂಥದ್ದೇನೂ ಇರ್ಲಿಲ್ಲ. ಅಕ್ಕ ಇಲ್ಲೇ ಲಾಂಡ್ರೀಲಿ ಕಟ್ಟಿದ್ದು.”

ನನ್ನನ್ನು ಹೊರಹಾಕಲು ಮೂವತ್ತೊಂದು ಕೈ ಎದ್ದವು. ನಿನ್ನ ಕೈ ಮೂರನೆಯದು. ಎಣಿಸಿದ್ದೆ.

‘ಸ್ವಂತ ಇಚ್ಛೆಯಿಂದ’ ಅಂತ ಬರಿ. ಬರೆಯುವಾಗ ಆ ಬಲಗೈಯಲ್ಲೇ ಬರಿ.

ಟೆಕ್ಲಾ

•

ಶಿಕಾಗೊ
2 ಏಪ್ರಿಲ್ 1936

ಅಕ್ಕ,

ಸರಿ, ‘ಮಾನ್ಯರೇ’ ಬಿಟ್ಟೆ. ಮರ್ಯಾದೆ ಕೊಟ್ಟರೆ ನಿನಗೆ ಅಜೀರ್ಣವಾಗುತ್ತದೆ.

ನೀನು ಬರೆದುದರಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಆ ಸಭೆಯಲ್ಲಿ ಮೇಷ್ಟ್ರ ಪುಸ್ತಕದ ಮೇಲೆ ಒಂದು ಕೂಜ ಬಿಸಿ ಕಾಫಿ ಸುರಿದವಳು ಯಾರು? ಹದಿನೇಳು ವರ್ಷ ಹಳ್ಳಿ ಹಳ್ಳಿ ತಿರುಗಿ ಬರೆದ ಪುಸ್ತಕ ಅದು. ಆ ಮನುಷ್ಯ ಕರವಸ್ತ್ರದಲ್ಲಿ ಒಂದೊಂದೇ ಹಾಳೆ ಒರೆಸುತ್ತಾ ಕೂತಿದ್ದರು. ನಿನ್ನನ್ನು ಹೊರಹಾಕಿದ್ದು ಕುಣಿತಕ್ಕಲ್ಲ, ಕಾಫಿಗೆ.

ನೀನು ಗಂಡನ ಜೊತೆ ಆರಾಮಾಗಿ ಡುಲುತ್‌ಗೆ ಹೋದೆ. ನಾನು ಇಲ್ಲೇ ಬಾಳಬೇಕಿತ್ತು. ನೀನಿನ್ನೂ ಇಲ್ಲಿದ್ದಾಗಲೇ, 1918ರ ಯುದ್ಧದ ಕಾಲದಲ್ಲಿ, ಟ್ರಾಮಿನಲ್ಲಿ ಸ್ವೀಡಿಷ್ ಮಾತಾಡಿದೆನೆಂದು ನನ್ನ ಟೋಪಿ ಕಿತ್ತು ಬೀದಿಗೆ ಎಸೆದರು. “ನಿಮ್ಮ ದೇಶಕ್ಕೆ ನಡೀರಿ” ಅಂದರು. ನಾನು ಕುರ್ಚಿ ಮೇಜು ಮಾಡುವ ಬಡಗಿ, ನನಗೆ ಎದುರು ಮಾತಾಡುವ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದೇ ಒಂದು ಕಡೆ ತಲೆಯೆತ್ತಿ ನಿಲ್ಲುವ ಜಾಗ ಬೇಕಿತ್ತು. ಮೇಷ್ಟ್ರು ಬಂದು ‘ನಿಮ್ಮದು ಆರುನೂರು ವರ್ಷದ ಕಲೆ’ ಅಂದಾಗ ನಮ್ಮ ಎದೆ ಎಷ್ಟು ಅಗಲವಾಯಿತು ಗೊತ್ತೇ? ಅವರಿಲ್ಲದಿದ್ದರೆ ನಾವು ಇವತ್ತಿಗೂ ಲಾಂಡ್ರಿಯ ಗುಂಪಾಗಿರುತ್ತಿದ್ದೆವು. ಇವತ್ತು ನೂರ ನಲವತ್ತು ಸದಸ್ಯರಿದ್ದೇವೆ, ಸ್ವಂತ ಕಟ್ಟಡವಿದೆ. 1922ರಲ್ಲಿ ನಮ್ಮ ತಂಡ ಸ್ವೀಡನ್ನಿಗೇ ಹೋಗಿ ಕುಣಿದು ಬಂತು.

ಮೊದಲ ಅಧ್ಯಾಯದ ಹಾಳೆ ಇದರ ಜೊತೆಗಿದೆ. ತಪ್ಪಿದ್ದರೆ ಗುರುತು ಹಾಕು. ಜೆನ್ನಿಯ ಹಲ್ಲು ಹಾಕಿಲ್ಲ.

ಆಲ್ಗೋಟ್

•

ಡುಲುತ್
30 ಏಪ್ರಿಲ್ 1936

ಆಲ್ಗೋಟ್,

ಹಾಳೆ ವಾಪಸ್ಸು ಕಳಿಸಿದ್ದೇನೆ. ‘ಕೆಲವು ಉತ್ಸಾಹಿ ಯುವತಿಯರು’ ಅಂತ ಬರೆದಿದ್ದೀಯ. ನಮಗೆ ಹೆಸರಿಲ್ಲವೇ? ಆಮೇಲೆ ‘1913ರಲ್ಲಿ ಪಿಟೀಲುವಾದಕ ಆಲ್ಗೋಟ್ ಫ್ರೋಡಿನ್ ಅವರ ಆಗಮನದಿಂದ ಸಂಘಕ್ಕೆ ನಿಜವಾದ ರೂಪ ಬಂತು.’ ನಿನ್ನ ಬೆನ್ನು ನೀನೇ ತಟ್ಟಿಕೊಳ್ಳಲು ತೋಳು ಎಷ್ಟು ಉದ್ದ ಬೆಳೆಸಿದ್ದೀಯ!

‘ಆರಾಮಾಗಿ’ ಹೋದೆನಂತೆ. ನನ್ನ ಗಂಡ ಬಂದರಿನಲ್ಲಿ ಅದಿರು ತುಂಬುವಾಗ ಸತ್ತ. ಇಪ್ಪತ್ತು ಹಡಗು ಕೂಲಿಗಳಿಗೆ ಬಟಾಣಿ ಸಾರು ಬೇಯಿಸಿ ಹಾಕಿ ಬದುಕುತ್ತಿದ್ದೇನೆ. ಅವನು ಫಿನ್ಲೆಂಡಿನವನೆಂದು ನಿಮ್ಮ ಸಮಿತಿ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿತ್ತಲ್ಲ, ಅವನು ನನ್ನ ಜೊತೆ ಆ ಪೋಲ್ಸ್ಕಾ ಕುಣಿಯುತ್ತಿದ್ದ. ತಿರುಗಿಸಿದರೆ ತಿರುಗುತ್ತಿದ್ದ. ಅವನ ಗಂಡಸುತನಕ್ಕೇನೂ ಆಗಲಿಲ್ಲ.

ಒಂದು ಮಾತು ಕೇಳುತ್ತೇನೆ. ಹದಿನಾಲ್ಕು ವರ್ಷದಿಂದ ಕೇಳಬೇಕೆಂದು ತಡೆದುಕೊಂಡಿದ್ದೆ. 1922ರಲ್ಲಿ ತಂಡದ ಜೊತೆ ಹೋದವನು ಊರಿಗೂ ಹೋದೆ. ಅಷ್ಟೊತ್ತಿಗೆ ಅಪ್ಪ ಸತ್ತಿದ್ದ. ಅಮ್ಮನ ಅಡುಗೆಮನೆಯಲ್ಲಿ ಒಂಬತ್ತು ದಿನ ಕೂತು ಉಂಡೆ. ನನಗೆ ಒಂದು ಕಾರ್ಡು ಹಾಕಿದೆ: ‘ಅಮ್ಮ ಚೆನ್ನಾಗಿದ್ದಾಳೆ. ಹವೆ ಚೆನ್ನಾಗಿದೆ.’ ಎರಡು ವರ್ಷಕ್ಕೆ ಅವಳು ತೀರಿಕೊಂಡಳು. ಅಮ್ಮನಿಗೆ ಓದಲು ಬರುತ್ತಿತ್ತೇ ಹೊರತು ಬರೆಯಲು ಬರುತ್ತಿರಲಿಲ್ಲ. ನಾನು ಅವಳನ್ನು ಕೊನೆಗೆ ನೋಡಿದ್ದು ಹತ್ತೊಂಬತ್ತರ ಪ್ರಾಯದಲ್ಲಿ, ರೈಲಿನ ಕಿಟಕಿಯಿಂದ.

ನನ್ನ ಬಗ್ಗೆ ಏನು ಕೇಳಿದಳು?

ಹವೆಯ ವಿಷಯ ಬೇಡ.

ಟೆಕ್ಲಾ

•

ಶಿಕಾಗೊ
13 ಜುಲೈ 1936

ಟೆಕ್ಲಾ,

ನನ್ನ ಮಗಳು ನಿನ್ನ ಮನೆಯಲ್ಲಿದ್ದಾಳೆಂದು ಇವತ್ತು ಅವಳ ಕಾಗದದಿಂದ ತಿಳಿಯಿತು. ಗೆಳತಿಯ ಜೊತೆ ವಿಸ್ಕಾನ್ಸಿನ್‌ನ ತೋಟಕ್ಕೆ ಹೋಗುತ್ತೇನೆಂದು ಹೇಳಿ ಹೋದವಳು. ಅವಳ ತಾಯಿ ಅತ್ತೂ ಅತ್ತೂ ಮಲಗಿದ್ದಾಳೆ.

ನನ್ನ ಮೇಲಿನ ಸೇಡನ್ನು ನನ್ನ ಮೇಲೆ ತೀರಿಸಿಕೋ. ಹತ್ತೊಂಬತ್ತರ ಹುಡುಗಿಯ ತಲೆ ಕೆಡಿಸಬೇಡ. ನಾಳೆಯ ರೈಲಿಗೇ ಅವಳನ್ನು ಹತ್ತಿಸು. ನನ್ನ ಮನೆಗೆ ಕೈಹಾಕುವಷ್ಟು ಕೀಳಾಗುತ್ತೀಯೆಂದು ನಾನು ತಿಳಿದಿರಲಿಲ್ಲ.

ಆಲ್ಗೋಟ್

•

ಡುಲುತ್
17 ಜುಲೈ 1936

ಆಲ್ಗೋಟ್,

ನಾನು ಯಾರನ್ನೂ ಕರೆದಿಲ್ಲ. ನನ್ನ ಕಾಗದಗಳನ್ನು ನಿನ್ನ ಮೇಜಿನ ಖಾನೆಯಲ್ಲಿ ಓದಿ ಅವಳೇ ಬಂದಳು. ಖಾನೆಗೆ ಬೀಗ ಹಾಕಬೇಕಿತ್ತು, ಬಡಗಿ.

ಬಾಗಿಲು ತೆಗೆದರೆ ಒಂದು ಪೆಟ್ಟಿಗೆ ಹಿಡಿದು ನಿಂತಿದ್ದಳು. “ಅತ್ತೆ, ನಾನು ವಿವಿ. ಆಲ್ಗೋಟ್ ಮಗಳು. ಬೈಯೋದಿದ್ರೆ ಒಳಗೆ ಕರೆದು ಬೈರಿ, ಕಾಲು ನೋಯ್ತಿದೆ” ಅಂದಳು. ನಿನ್ನ ಹೊಟ್ಟೆಯಲ್ಲಿ ಇವಳು ಹೇಗೆ ಹುಟ್ಟಿದಳೋ!

“ಯಾಕೆ ಬಂದೆ?” ಅಂದೆ.

“ಆ ಪೋಲ್ಸ್ಕಾ ಕಲೀಬೇಕು. ನಮ್ಮ ಸಂಘದಲ್ಲಿ ಹುಡುಗೀರು ಬರೀ ಲಂಗ ಬೀಸ್ಕೊಂಡು ಗಂಡಸರ ಸುತ್ತ ಓಡೋದೇ ಆಯ್ತು. ಹುಲ್ದಾ ಅಜ್ಜಿ ಹೇಳಿದ್ರು, ಮೊದ್ಲು ಹಾಗಿರ್ಲಿಲ್ವಂತೆ. ಅವರ ಮಂಡಿ ಹೋಗಿದೆ. ನಿಮ್ಮದು ಇದೆಯಾ?”

ನನ್ನ ಮಂಡಿ ಇದೆ.

ಸಾರಿನ ಪಾತ್ರೆಗಳನ್ನು ತೊಳೆದಾದ ಮೇಲೆ ಬೆಂಚುಗಳನ್ನು ಗೋಡೆಗೆ ತಳ್ಳಿ ಕಲಿಸುತ್ತಿದ್ದೇನೆ. ಕೂಲಿಗಳು ಸಾಲಾಗಿ ಕೂತು ಚಪ್ಪಾಳೆ ತಟ್ಟುತ್ತಾರೆ. ದೊಡ್ಡ ಆಸಾಮಿ ಒಬ್ಬನನ್ನು ಅವಳು ಬುಗುರಿಯ ಹಾಗೆ ತಿರುಗಿಸಿದಳು, ಅವನು ತಲೆ ತಿರುಗಿ ಒಲೆಯ ಮೇಲೆ ಕೂತ. ನೀನು ಆ ರಾಗ ಕಲಿಯಲು ಒಂದು ಚಳಿಗಾಲ ತೆಗೆದುಕೊಂಡೆ. ಇವಳಿಗೆ ಆರು ದಿನ ಸಾಕಾಯಿತು.

ಅವಳು ಬೇಕೆಂದಾಗ ಬರುತ್ತಾಳೆ. ಅವಳ ತಾಯಿಗೆ ಹೇಳು, ಹುಡುಗಿ ಚೆನ್ನಾಗಿ ಉಣ್ಣುತ್ತಿದ್ದಾಳೆ.

ಏಪ್ರಿಲ್‌ನಲ್ಲಿ ಕೇಳಿದ್ದಕ್ಕೆ ನೀನಿನ್ನೂ ಉತ್ತರ ಕೊಟ್ಟಿಲ್ಲ.

ಟೆಕ್ಲಾ

•

ಶಿಕಾಗೊ
15 ಅಕ್ಟೋಬರ್ 1936

ಅಕ್ಕ,

ಬೆಳ್ಳಿಹಬ್ಬ ಭಾನುವಾರ ಮಧ್ಯಾಹ್ನ ಮುಗಿಯಿತು. ನಡೆದದ್ದನ್ನು ನಾನೇ ಹೇಳಿಬಿಡುತ್ತೇನೆ. ಹುಲ್ದಾಳ ಬಾಯಿಂದ ಹೇಗೂ ನಿನಗೆ ಬರುತ್ತದೆ.

ಹದಿನಾಲ್ಕು ಕುಣಿತಗಳ ಪಟ್ಟಿಯಿತ್ತು. ಹನ್ನೊಂದನೆಯದು ಮುಗಿದಾಗ ವಿವಿ ಮೂವರು ಹುಡುಗಿಯರನ್ನೂ ನಾಲ್ವರು ಹುಡುಗರನ್ನೂ ಕರೆದುಕೊಂಡು ಪಟ್ಟಿಯಲ್ಲಿಲ್ಲದೆಯೇ ನಡುವೆ ಬಂದು ನಿಂತಳು. ನನ್ನ ಕಡೆ ನೋಡಿ, “ಅಪ್ಪಾ, ನುಡಿಸ್ತೀರಾ?” ಅಂದಳು. ಪಿಟೀಲು ನನ್ನ ಗದ್ದದ ಕೆಳಗಿತ್ತು. ನಾನು ಇಳಿಸಿದೆ. ಮುಂದಿನ ಸಾಲಿನಲ್ಲಿ ಹುಲ್ದಾ ಕೋಲೂರಿ ಎದ್ದು ರಾಗ ಎತ್ತಿದಳು. ಅವಳ ಜೊತೆ ಇನ್ನೊಬ್ಬಳು, ಮತ್ತೊಬ್ಬಳು. ಬಿಳಿ ತಲೆಯ ಹೆಂಗಸರು, ಒಂದು ಕಾಲದ ಮನೆಗೆಲಸದವರೆಲ್ಲ. ಮಕ್ಕಳು ಕುಣಿದರು. ಅಷ್ಟು ಚೆನ್ನಾಗಿ ನಮ್ಮ ಸಭಾಂಗಣದಲ್ಲಿ ಯಾರೂ ಕುಣಿದಿರಲಿಲ್ಲ.

ಮುಗಿದಾಗ ಸಭೆಯಲ್ಲಿ ಗುಜುಗುಜು ಎದ್ದಿತು. ಉಪಾಧ್ಯಕ್ಷ ನನ್ನ ತೋಳು ಹಿಡಿದು, “ಆಲ್ಗೋಟ್, ಏನಿದು? ಎದ್ದು ಹೇಳು, ಪುಸ್ತಕದಲ್ಲಿ ಒಂದು ಬರ‍್ದು ಇಲ್ಲಿ ಒಂದು ತೋರ‍್ಸಿದ್ರೆ ಜನ ನಗ್ತಾರೆ” ಅಂದ. ನಾನು ಎದ್ದೆ. “ಇದು ಹಳೇದಲ್ಲ, ನಮ್ಮ ಅಕ್ಕ ತಮಾಷೆಗೆ ಕಟ್ಟಿದ್ದು. ಮಕ್ಕಳು ಖುಷಿಗೆ ಕುಣಿದ್ರು, ಅಷ್ಟೇ” ಅಂದೆ. ಜನ ನಕ್ಕು ಚಪ್ಪಾಳೆ ತಟ್ಟಿದರು.

ವಿವಿ ನಗಲಿಲ್ಲ. ಸೋಮವಾರ ಬೆಳಿಗ್ಗೆ ಬಟ್ಟೆ ಕಟ್ಟಿಕೊಂಡು ಹುಲ್ದಾಳ ಮನೆಗೆ ಹೋದಳು. ಹೋಗುವಾಗ, “ಅಪ್ಪಾ, ಅದು ಸುಳ್ಳು ಅಂತ ನಿಮಗೆ ಗೊತ್ತಿದ್ದೇ ಹೇಳಿದ್ರಾ, ಗೊತ್ತಿಲ್ದೇ ಹೇಳಿದ್ರಾ? ಅಷ್ಟು ಹೇಳ್ಬಿಡಿ” ಅಂದಳು. ನನ್ನ ಮುಖವೇ ಉತ್ತರ ಕೊಟ್ಟಿರಬೇಕು.

ಈಗ ನೀನು ಕೇಳಿದ್ದಕ್ಕೆ.

1922ರಲ್ಲಿ ಊರಿಗೆ ಹೋದ ಮೂರನೆಯ ದಿನ ಅಮ್ಮ ನನ್ನ ಪಿಟೀಲು ನೋಡಿ ಏನಾದರೂ ನುಡಿಸು ಅಂದಳು. ಬೇಕೆಂದೇ ಆ ರಾಗ ನುಡಿಸಿದೆ. ಅವಳಿಗೆ ಗೊತ್ತಿಲ್ಲದಿರಲಿ, ನಾನು ಸಭೆಯಲ್ಲಿ ಹೇಳಿದ್ದು ನಿಜವಾಗಲಿ ಎಂದು. ಅಮ್ಮ ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡಳು. ಮರದ ಚಪ್ಪಲಿ ಬಿಟ್ಟು, ಕಾಲುಚೀಲದಲ್ಲಿ, ಅಡುಗೆಮನೆಯ ನಡುವೆ ಕುಣಿದಳು. ಅರವತ್ತಾರರ ಹೆಂಗಸು. ಎದುರಿಗೆ ಗಂಡಸೊಬ್ಬ ಇದ್ದಾನೆಂಬಂತೆ ಗಾಳಿಯನ್ನು ಹಿಡಿದು ತಿರುಗಿಸಿದಳು. “ಇದು ನಮ್ಮವ್ವನ ಕುಣಿತ. ಟೆಕ್ಲಾ ಹೇಳಿಕೊಟ್ಳಾ ನಿಂಗೆ?” ಅಂದಳು.

ಮೂರು ತಿಂಗಳಿಗೆ ಶಿಕಾಗೊಗೆ ಬಂದೆ. ಬಾಯಿ ಬಿಡಲಿಲ್ಲ. ಮೇಷ್ಟ್ರು ಸಂಘಕ್ಕೆ ಮಾನ್ಯತೆ ಪತ್ರ ಕೊಟ್ಟಿದ್ದರು, ಮರುವರ್ಷ ನನ್ನನ್ನು ಅಧ್ಯಕ್ಷ ಮಾಡಿದರು. ಆಮೇಲೆ ಒಂದೊಂದು ವರ್ಷ ಕಳೆದಂತೆ ಹೇಳುವುದು ಕಷ್ಟವಾಗುತ್ತಾ ಹೋಯಿತು.

ನಿನ್ನ ಬಗ್ಗೆ ಕೇಳಿದಳು. “ಅವಳ್ಯಾಕೆ ಬರ‍್ಲಿಲ್ಲ?” ಅಂದಳು. ಸಂಘದಿಂದ ಹೊರಹಾಕಿದೆವು ಅನ್ನಲಾಗಲಿಲ್ಲ. “ಅವಳಿಗೆ ಬರೋಕೆ ಇಷ್ಟ ಇರ‍್ಲಿಲ್ಲಮ್ಮ” ಅಂದೆ. ಅಮ್ಮ, “ಹೌದಾ” ಅಂದಳು. ಉಳಿದ ಆರು ದಿನ ನಿನ್ನ ಹೆಸರೆತ್ತಲಿಲ್ಲ.

ಕ್ಷಮೆ ಕೇಳಲು ಬರೆದದ್ದಲ್ಲ. ನೀನು ಕೊಡುವವಳಲ್ಲವೆಂದು ಗೊತ್ತು.

ಆಲ್ಗೋಟ್

•

ಡುಲುತ್
2 ನವೆಂಬರ್ 1936

ಆಲ್ಗೋಟ್,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಬೈಗುಳ ಸಾಲಲಿಲ್ಲ.

ಅವಳು ನನ್ನನ್ನು ಬೇಡದ ಮಗಳೆಂದುಕೊಂಡು ಸತ್ತಳೋ, ಅಥವಾ ತಾನು ನನಗೆ ಬೇಡದವಳೆಂದುಕೊಂಡು ಸತ್ತಳೋ? ಎರಡರಲ್ಲಿ ಯಾವುದೆಂದು ಯೋಚಿಸಿ ಯೋಚಿಸಿ ಸಾರು ಎರಡು ದಿನ ತಳ ಹತ್ತಿತು. ಸಂಘದಿಂದ ತೆಗೆದದ್ದು ಬಿಡು. ಖೋಟಾ ಅಂದದ್ದೂ ಬಿಡು. ಇದನ್ನು ಬಿಡಲು ನನ್ನಿಂದಾಗುವುದಿಲ್ಲ. ಸತ್ತ ಮೇಲೂ ಆಗುವುದಿಲ್ಲ.

ನೀನು ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದು ಸಾಲದೆ, ಮೊನ್ನೆ ಮತ್ತೆ ಎದ್ದು ನಿಂತು ಅದೇ ಸುಳ್ಳು ಹೇಳಿದೆ. ಮಗಳ ಎದುರಿಗೆ. ನನಗೆ ಬರೆದು ಎದೆ ಹಗುರ ಮಾಡಿಕೊಂಡೆಯಾ? ನನಗೆ ಬರೆದರೆ ಏನು ಬಂತು? ನನಗೆ ಮೊದಲೇ ಗೊತ್ತಿತ್ತು. ಗೊತ್ತಾಗಬೇಕಾದ್ದು ನೀನು ಸುಳ್ಳು ಹೇಳಿದ ಸಭಾಂಗಣದಲ್ಲಿರುವ ನೂರ ನಲವತ್ತು ಜನಕ್ಕೆ. ಹೇಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು, ನಾನು ಬೇಡುವುದಿಲ್ಲ.

ನಿನ್ನಿಂದ ನನಗೆ ಬೇಕಾದ್ದು ಒಂದೇ. ನನ್ನನ್ನು ಬಿಟ್ಟರೆ ಅಮ್ಮ ಕುಣಿದದ್ದನ್ನು ನೋಡಿ ಈಗ ಬದುಕಿರುವವನು ನೀನೊಬ್ಬನೇ, ನಾನು ನೋಡಿದ್ದು ಚಿಕ್ಕಂದಿನಲ್ಲಿ. ಶುರುವಿನಲ್ಲಿ ಅವಳು ಯಾವ ಕಾಲು ಇಟ್ಟಳು? ನಾನು ಎಡಗಾಲು ಕಲಿಸುತ್ತೇನೆ. ಆದರೆ ಎರಡನೆಯ ಸುತ್ತಿಗೆ ಬರುವಾಗ ಯಾವತ್ತೂ ಅರ್ಧ ಹೆಜ್ಜೆ ತಡವಾಗುತ್ತದೆ, ಅದೇಕೆಂದು ಇವತ್ತಿಗೂ ತಿಳಿದಿಲ್ಲ.

ಅಷ್ಟು ಬರಿ. ಬೇರೆ ಏನೂ ಬರೆಯಬೇಡ.

ಟೆಕ್ಲಾ

•

ಶಿಕಾಗೊ
21 ನವೆಂಬರ್ 1936

ಅಕ್ಕ,

ಬೇರೆ ಏನೂ ಬರೆಯಬೇಡ ಅಂದಿದ್ದೀಯ. ನಿನ್ನ ಮಾತು ಕೇಳಿ ನನಗೆ ಅಭ್ಯಾಸವಿಲ್ಲ.

ಗುರುವಾರದ ಸರ್ವಸದಸ್ಯರ ಸಭೆಯಲ್ಲಿ ಹೇಳಿದೆ. 1921ರಲ್ಲಿ ಹೇಳಿದ್ದು, 1922ರಲ್ಲಿ ನೋಡಿದ್ದು, ಮೊನ್ನೆ ಹೇಳಿದ್ದು, ಮೂರನ್ನೂ ಹೇಳಿದೆ. ಯಾರೋ ಹಿಂದಿನಿಂದ, “ಅಧ್ಯಕ್ಷರು ಕುಡಿದು ಬಂದಿದ್ದಾರೆ” ಅಂದರು. ಹುಲ್ದಾ ತಿರುಗಿ, “ಹದಿನೈದು ವರ್ಷದಲ್ಲಿ ಇವತ್ತೊಂದು ದಿನ ಅಮಲಿಳಿದಿದೆ ಕಣೋ ಅವನಿಗೆ” ಅಂದಳು. ಉಪಾಧ್ಯಕ್ಷ ನಿರ್ಣಯ ಮಂಡಿಸಿದ. ಐವತ್ತೆಂಟು ಕೈ ಎದ್ದವು. ನಾನು ಈಗ ಅಧ್ಯಕ್ಷನಲ್ಲ. ಸದಸ್ಯನಾಗಿ ಇಟ್ಟುಕೊಂಡಿದ್ದಾರೆ, ಪಿಟೀಲು ನುಡಿಸುವವನು ಬೇರೆ ಇಲ್ಲವಲ್ಲ. ಪುಸ್ತಕ ಆಗಲೇ ಹಂಚಿ ಆಗಿದೆ. ಅದರಲ್ಲಿ ನೀವು ನಾಲ್ವರೂ ‘ಉತ್ಸಾಹಿ ಯುವತಿಯರು’ ಆಗಿಯೇ ಇರುತ್ತೀರಿ. ಅದಕ್ಕೆ ನಾನೇನೂ ಮಾಡಲಾರೆ.

ವಿವಿ ಕೈ ಎತ್ತಲಿಲ್ಲ, ಹತ್ತಿರವೂ ಬರಲಿಲ್ಲ. ಇನ್ನೂ ಹುಲ್ದಾಳ ಮನೆಯಲ್ಲೇ ಇದ್ದಾಳೆ.

ಇನ್ನು ಕಾಲಿನ ವಿಷಯ. ಅಮ್ಮ ಇಟ್ಟದ್ದು ಬಲಗಾಲು. ನೀನು ಎಡಗಾಲಿನಿಂದ ಶುರುಮಾಡುತ್ತೀಯೆಂದು ಅವತ್ತು ನಾನೇ ಹೇಳಿ, ಕುಣಿದೂ ತೋರಿಸಿದೆ, ನಿನ್ನನ್ನು ಸುಳ್ಳಿ ಮಾಡಬೇಕೆಂಬ ಆಸೆ ಇನ್ನೂ ಹೋಗಿರಲಿಲ್ಲ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಹುಚ್ಚುಮುಂಡೇದು! ನಾನು ಕುಣಿಯೋವಾಗೆಲ್ಲ ಎದುರಿಗೆ ಮಣೆ ಮೇಲೆ ಕೂತು ನೋಡ್ತಿದ್ಲು. ನನ್ನ ಬಲ ಅವಳಿಗೆ ಎಡ ಕಾಣ್ತು. ಪೂರಾ ತಿರುವುಮುರುವು ಕಲ್ತಿದಾಳೆ, ಪಾಪ. ಯಾರೂ ಪಕ್ಕದಲ್ಲಿ ನಿಂತು ಹೇಳಿಕೊಡ್ಲಿಲ್ವಲ್ಲ” ಅಂದಳು.

ತಮ್ಮ,
ಆಲ್ಗೋಟ್